ಗೂಬೆಯ ರೆಕ್ಕೆ, ಮಾವನ ನಿದ್ದೆ

ಬೆಳಿಗ್ಗೆ ಆರು ಗಂಟೆಗೆ ಮಾವ ಸ್ಪ್ಯಾನರ್ ಹಿಡಿದು ತಾರಸಿಗೆ ಬಂದರು. ಅವರ ಕೋಣೆ, ಸೊಸೆ ಕರೆಂಟಿಗಾಗಿ ತಾರಸಿಯ ಕಂಬದ ಮೇಲೆ ನಿಲ್ಲಿಸಿದ್ದ ಪುಟ್ಟ ಗಾಳಿಯಂತ್ರದ ನೇರ ಕೆಳಗಿತ್ತು. ಅದರ ಗೊರಗೊರ ಸದ್ದು ಇನ್ನೊಂದು ರಾತ್ರಿ ಕೇಳಿಸಿದರೆ ಬಿಚ್ಚಿ ಗುಜರಿಗೆ ಹಾಕುವುದಾಗಿ ಅವರು ಹೇಳಿಬಿಟ್ಟಿದ್ದರು.

ಸೊಸೆ ಹಿಂದಿನ ಸಂಜೆಯಷ್ಟೇ ತಾನೇ ವಿನ್ಯಾಸ ಮಾಡಿದ ಹೊಸ ರೆಕ್ಕೆಗಳನ್ನು ಯಂತ್ರಕ್ಕೆ ಜೋಡಿಸಿದ್ದಳು. ಸದ್ದಿಲ್ಲದೆ ಹಾರುವ ಗೂಬೆಯ ಗರಿಗಳನ್ನು ನೋಡಿ, ರೆಕ್ಕೆಯ ಹಿಂದಿನ ಅಂಚಿಗೆ ಬಾಚಣಿಗೆಯಂಥ ಹಲ್ಲುಗಳನ್ನು ಕೊಟ್ಟಿದ್ದಳು. ಈಗ ತಾರಸಿಯಲ್ಲೇ ಇದ್ದ ಅವಳು ಮಾವನ ಕೆಂಪು ಕಣ್ಣು ಕಂಡು ಅಳುಕುತ್ತಲೇ ಕೇಳಿದಳು.

“ನಿದ್ದೆ ಬರಲಿಲ್ವಾ ಮಾವ?”

“ಎಲ್ಲಿಂದ ಬರಬೇಕಮ್ಮ? ಸದ್ದೇ ಇಲ್ಲ! ಪಾಪ, ಇಷ್ಟು ಕಷ್ಟಪಟ್ಟು ಮಾಡಿದ್ದಾಳೆ, ನಿಂತೇ ಹೋಯ್ತೇನೋ ಅಂತ ಗಳಿಗೆಗೊಂದು ಸಲ ಎದ್ದು ಬಂದು ನೋಡಿದೆ. ನಿನ್ನ ಗೂಬೆ ಅದರ ಪಾಡಿಗೆ ಅದು ತಿರುಗ್ತಾನೇ ಇತ್ತು.”

“ಮತ್ತೆ ಈ ಸ್ಪ್ಯಾನರ್?”

“ಕಂಬದ ಬುಡದಲ್ಲಿ ಒಂದು ಬೋಲ್ಟ್ ಸಡಿಲ ಆಗಿದೆ. ಹಾಗೇ ಬಿಟ್ರೆ ಗೂಬೆ ನಿಜವಾಗ್ಲೂ ಹಾರಿಹೋಗುತ್ತೆ. ಸ್ವಲ್ಪ ಕಂಬ ಹಿಡ್ಕೋ ಬಾ.”

ಸೊಸೆ ನಗುತ್ತ ಕಂಬ ಹಿಡಿದುಕೊಂಡಳು. ಮಾವ ಬೋಲ್ಟ್ ಬಿಗಿ ಮಾಡಿ ಕೆಳಗಿಳಿದು ಹೋದರು, ಮಧ್ಯಾಹ್ನದ ಊಟಕ್ಕೆ ಎಬ್ಬಿಸುವವರೆಗೂ ಮಲಗಿದ್ದರು.