ಹತ್ತನೆಯ ಚುಕ್ಕೆ

ಇಂಜಿನಿಯರಮ್ಮ ಜಲಾಶಯದ ನಕ್ಷೆಯ ಮೇಲೆ ಹತ್ತನೆಯ ಚುಕ್ಕೆ ಇಡುತ್ತಿದ್ದಂತೆ ಮುದುಕ ಮೀನುಗಾರ ಬಂದು ಎದುರು ಕೂತ.

“ನಮ್ ದಡದಾಗೆ ಆ ನೀರು ಪರೀಕ್ಷೆ ಮಾಡೋ ಯಂತ್ರ ಬ್ಯಾಡ ಕಣವ್ವ. ಕೆಂಪು ದೀಪ ಹತ್ತಿದ್ರೆ ನಮ್ ಮೀನ ಯಾರು ಕೊಳ್ತಾರೆ?”

“ಇಲ್ಲಿನ ನೀರಲ್ಲಿ ಸೀಸದ ವಿಷ ಇದೆ ಅಂತ ನಿನ್ನೆ ಗೊತ್ತಾಯ್ತು, ಅಜ್ಜ.”

“ಸಂತೇಲಿ ಯಾರಿಗಾದ್ರೂ ಗೊತ್ತಾ?”

“ಇನ್ನೂ ಇಲ್ಲ.”

“ಹಂಗಾರೆ ನಮ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ.”

ಒಂಬತ್ತು ಯಂತ್ರಗಳಲ್ಲೇ ಮುಗಿಸಿ ಎಂದು ಮೇಲಧಿಕಾರಿಗಳೂ ಹೇಳಿದ್ದರು. ಅವಳು ಮುದುಕನ ಮುಖ ನೋಡಲಾರದೆ ಚುಕ್ಕೆಯನ್ನು ರಬ್ಬರಿನಿಂದ ಉಜ್ಜಿದಳು.

ಅವನಿಗೆ ಜೀವ ಬಂದಂತಾಯಿತು. ಬುಟ್ಟಿಯಿಂದ ದೊಡ್ಡ ಕಾಟ್ಲಾ ಮೀನೊಂದನ್ನು ಎತ್ತಿ, ಎಲೆಯಲ್ಲಿ ಸುತ್ತಿ ಚಾಚಿದ.

“ತಗೋ ತಾಯಿ. ಹೋದ ಸಲ ಮಕ್ಕಳಿಗೆ ಅಂತ ನೀನೇ ಕೇಳಿ ಒಯ್ದಿದ್ದೆ.”

“ಬೇಡ,” ಎಂದಳು.