ಕೌಟುಂಬಿಕ ಕಾರಣಗಳಿಂದ

ಬಡ್ತಿ ಬೇಡ ಎಂದು ಗಂಡ ಬರೆದುಕೊಟ್ಟ ಅರ್ಜಿ ಸಹಿಗಾಗಿ ಹೆಂಡತಿಯ ಮೇಜಿಗೇ ಬಂತು. ಅವನು ಹದಿನಾಲ್ಕನೇ ನಂಬರ್ ಬಸ್ಸಿನ ಡ್ರೈವರ್, ಅವಳು ಅದೇ ಡಿಪೋದ ಮ್ಯಾನೇಜರ್. ಹನ್ನೊಂದು ವರ್ಷದ ಹಿಂದೆ ಅದೇ ಬಸ್ಸಿನಲ್ಲಿ ಅವನು ಸ್ಟೀರಿಂಗ್ ಹಿಡಿದರೆ ಅವಳು ಟಿಕೆಟ್ ಹರಿಯುತ್ತಿದ್ದಳು. ಆಮೇಲೆ ಅವಳು ಒಂದರ ಹಿಂದೊಂದು ಇಲಾಖಾ ಪರೀಕ್ಷೆ ಕಟ್ಟಿ ಮೇಲೆ ಹೋದಳು, ಅವನು ಸೀಟು ಬಿಟ್ಟು ಏಳಲಿಲ್ಲ. ಈಗ ಅವಳ ಸಂಬಳ ಅವನದರ ಎರಡರಷ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವುದು ಅವನ ಮತ. ಅವಳು ಹಾಸಿಗೆಯನ್ನೇ ಬದಲಾಯಿಸುವವಳು.

‘ಚೆಕಿಂಗ್ ಇನ್‌ಸ್ಪೆಕ್ಟರ್ ಹುದ್ದೆ ನಿರಾಕರಿಸಲು ಕಾರಣ’ ಎಂಬ ಕಾಲಂನಲ್ಲಿ ಅವನು ದುಂಡಗಿನ ಅಕ್ಷರದಲ್ಲಿ ‘ಕೌಟುಂಬಿಕ ಕಾರಣಗಳಿಂದ’ ಎಂದು ಬರೆದಿದ್ದ. ಓದಿ ಅವಳಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಮಕ್ಕಳಿಲ್ಲ, ಅತ್ತೆಮಾವ ಇಲ್ಲ, ಕುಟುಂಬ ಎಂದರೆ ತಾನೊಬ್ಬಳೇ. ಬೆಳಿಗ್ಗೆ ಎದುರು ಕೂತು ತಿಂಡಿ ತಿಂದವನು ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಇಡೀ ಡಿಪೋ ಓದಿ ಮುಗಿಸಿದ ಮೇಲೆ ಕಾಗದ ತನ್ನ ಮುಂದೆ ಬಂದಿದೆ.

“ಹದಿನಾಲ್ಕರ ಡ್ರೈವರ್‌ನ ಕಳಿಸಿ,” ಎಂದಳು ಹೆಡ್ ಗುಮಾಸ್ತರಿಗೆ.

“ಯಜಮಾನರನ್ನಾ, ಮೇಡಂ?”

“ಡ್ರೈವರ್‌ನ.”

ಅವನು ಬಂದು, ಟೋಪಿ ತೆಗೆದು, ಗೋಡೆಗೆ ಅಂಟಿಸಿದ ಹಾಗೆ ನೆಟ್ಟಗೆ ನಿಂತ. “ತಾವು ಕರೆದಿರಂತೆ, ಮೇಡಂ.” ಡಿಪೋದೊಳಗೆ ಅವನು ಅವಳಿಗೆ ಬಹುವಚನವನ್ನೇ ಬಳಸುತ್ತಿದ್ದ, ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ತಮಾಷೆ. ಅವಳಿಗೆ ಆ ಫಜೀತಿ ಇರಲಿಲ್ಲ. ಮನೆಯಲ್ಲೂ ‘ನೀವು’, ಇಲ್ಲೂ ‘ನೀವು’.

“ಬಾಗಿಲು ಹಾಕಿ.”

“ಹಾಕಿದ್ರೆ ಗುಮಾಸ್ತರಿಗೆ ಕೇಳಿಸಲ್ಲ, ಪಾಪ.”

“ಹಾಕಿ ಅಂದೆ. ಏನಿದು ಕೌಟುಂಬಿಕ ಕಾರಣ? ನಾನೇನು ನಿಮ್ಮ ಕಾಲು ಕಟ್ಟಿ ಹಾಕಿದೀನಾ?”

“ಎಲ್ಲರೂ ಅದನ್ನೇ ಬರೀತಾರೆ, ಮೇಡಂ. ರಜೆ ಬೇಕಾದಾಗ ಜ್ವರ ಅಂತ ಬರೆಯಲ್ವಾ, ಹಾಗೆ.”

“ನಿಜವಾದ ಕಾರಣ ಬರೀರಿ.”

“ಬರೆದಿದ್ದೆ. ಬಸ್ ಓಡಿಸೋದು ಇಷ್ಟ ಅಂತ. ಇದು ಇಷ್ಟ ಆಯ್ತು, ಕಾರಣ ಎಲ್ಲಿ ಅಂತ ಗುಮಾಸ್ತರು ವಾಪಸ್ ಕೊಟ್ರು.”

ಅವಳಿಗೆ ನಗು ಬಂದೇಬಿಡುತ್ತಿತ್ತು. ತಡೆದುಕೊಂಡಳು. ಮೇಜಿನ ಡ್ರಾಯರಿನಲ್ಲಿ ನಾಲ್ಕು ದಿನದಿಂದ ಇನ್ನೊಂದು ಬಡ್ತಿಯ ಕಾಗದ ಅಡಗಿ ಕೂತಿತ್ತು, ಅದು ಅವಳದು. ಮುಂದಿನ ತಿಂಗಳಿಂದ ದೂರದೂರಿನ ಕೇಂದ್ರ ಕಚೇರಿಯಲ್ಲಿ ಕೆಲಸ. ಒಪ್ಪಿಗೆಯ ಫಾರಂ ತುಂಬಿ ಕಳಿಸಿ, ನಕಲನ್ನು ಮಾತ್ರ ಇಟ್ಟುಕೊಂಡಿದ್ದಳು. ಡ್ರೈವರ್‌ಗಳಿಗೆ ಆ ಊರಿಗೆ ವರ್ಗವಿಲ್ಲ, ಇನ್‌ಸ್ಪೆಕ್ಟರ್‌ಗಳಿಗೆ ಉಂಟು. ಅದಕ್ಕೇ ಗಂಡನ ಹೆಸರನ್ನು ಬಡ್ತಿಯ ಪಟ್ಟಿಗೆ ತೂರಿಸಿದವಳೂ ಅವಳೇ. ಅವನು ಮೊದಲು ಇನ್‌ಸ್ಪೆಕ್ಟರ್ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಅವನು ಒಲ್ಲೆ ಎಂದರೆ ಅವಳು ಅಲ್ಲಿ, ಅವನು ಇಲ್ಲಿ. ಅದನ್ನು ನೆನೆದರೆ ಅವಳಿಗೆ ಹೆದರಿಕೆಯಾಗುತ್ತಿತ್ತು, ಹೆದರಿಕೆಯಾದಾಗಲೆಲ್ಲ ಜೋರು ಮಾಡುವುದು ಅವಳ ಅಭ್ಯಾಸ.

“ಮ್ಯಾನೇಜರ್ ಗಂಡ ಇನ್ನೂ ಸ್ಟೀರಿಂಗ್ ತಿರುಗಿಸ್ತಾ ಇದಾನೆ ಅಂತ ಆಡ್ಕೋತಾರೆ ಜನ. ಮೇಲೆ ಬರಬೇಕು ಅಂತ ನಿಮಗೆ ಒಂದು ದಿನಾನಾದ್ರೂ ಅನ್ಸಲ್ವಾ?”

“ಮೇಲೆ ಬಂದವರನ್ನ ದಿನಾ ನೋಡ್ತೀನಲ್ಲ, ಮೇಡಂ. ಊಟಕ್ಕೆ ಕೂತ್ರೂ ಪಂಕ್ಚರ್ ಸುದ್ದಿನೇ ಮಾತಾಡ್ತಾರೆ. ಇನ್‌ಸ್ಪೆಕ್ಟರ್ ಆದ್ರೆ ನನ್ನ ಕೆಲಸ ಏನು? ಸ್ಟಾಪಿನ ಮರೆಯಲ್ಲಿ ನಿಂತು, ಬಸ್ ಹತ್ತಿ, ಟಿಕೆಟ್ ಕಳ್ಕೊಂಡ ಅಜ್ಜೀರನ್ನ ಗದರಿಸೋದು. ಅರವತ್ತು ಜನರನ್ನ ಒಬ್ಬರೂ ಮುಗ್ಗರಿಸದ ಹಾಗೆ ತಿರುವು ದಾಟಿಸ್ತೀನಿ. ಅದರಲ್ಲಿ ನಾನು ಜಾಣ. ಇನ್ನೊಂದು ಕಡೆ ಹೋಗಿ ದಡ್ಡ ಆಗೋಕೆ ಬಡ್ತಿ ಯಾಕೆ?”

“ಬೇರೆಯವರಿಗೋಸ್ಕರನಾದ್ರೂ...” ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು.

ಅವನು ಗೋಡೆ ಗಡಿಯಾರ ನೋಡಿದ. ಬಸ್ಸು ಹೊರಡಲು ಆರು ನಿಮಿಷವಿತ್ತು. ಟೋಪಿ ಹಾಕಿಕೊಂಡ. ಆಮೇಲೆ ‘ಮೇಡಂ’, ‘ತಾವು’ ಎಲ್ಲ ಬಿಟ್ಟು ಮನೆಯ ದನಿಯಲ್ಲಿ ಕೇಳಿದ:

“ಡ್ರಾಯರಿನಲ್ಲಿ ಇಟ್ಕೊಂಡಿದೀಯಲ್ಲ, ಅದನ್ನ ಯಾವಾಗ ಹೇಳ್ಬೇಕು ಅಂತಿದ್ದೆ?”

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತಾಗಿತ್ತು ಅವಳ ಕಥೆ. ಆ ಫಾರಂ ಅನ್ನು ಲಕೋಟೆಗೆ ಹಾಕಿ ಅಂಟು ಹಚ್ಚಿದ್ದೇ ಹೆಡ್ ಗುಮಾಸ್ತರು. ಅವರ ಹೊಟ್ಟೆಯಲ್ಲಿ ಅನ್ನವಾದರೂ ನಿಂತೀತು, ಸುದ್ದಿ ನಿಲ್ಲುವುದಿಲ್ಲ.

“ನೀವು ಬೇಡ ಅಂತೀರೇನೋ ಅಂತ ಭಯ ಆಯ್ತು,” ಎಂದಳು.

“ಬೇಡ ಅಂತಿರಲಿಲ್ಲ. ಹೋಗು ಅಂತಿದ್ದೆ. ಆಮೇಲೆ ಎರಡು ದಿನ ಮುಖ ಊದಿಸ್ಕೊಂಡು ಓಡಾಡ್ತಿದ್ದೆ. ಅದಕ್ಕೂ ನನಗೆ ಅವಕಾಶ ಕೊಡಲಿಲ್ಲ ನೀನು.” ಅವನಿಗೆ ನೋವಾಗಿತ್ತು, ಅದನ್ನು ನಗೆಯಲ್ಲಿ ಮುಚ್ಚಲು ನೋಡಿದ, ಆಗಲಿಲ್ಲ. “ನಾನಂತೂ ಸುಳ್ಳೋ ನಿಜವೋ ಒಂದು ಕಾರಣ ಬರೆದುಕೊಟ್ಟೆ. ನೀನೇನು ಬರೆದೆ ಕಣೇ?”

ಉತ್ತರಕ್ಕೆ ಕಾಯದೆ ಹೋದ. ಅಂಗಳದಲ್ಲಿ ಹದಿನಾಲ್ಕನೇ ನಂಬರ್ ಗುರುಗುಟ್ಟಿ ಗೇಟು ದಾಟಿತು.

ಅವಳು ಡ್ರಾಯರ್ ಎಳೆದು ನಕಲನ್ನು ಹೊರತೆಗೆದಳು. ಹೆಸರು, ಈಗಿನ ಹುದ್ದೆ, ಹೊಸ ಹುದ್ದೆ, ಸೇರುವ ದಿನಾಂಕ, ಸಹಿ. ಮಗುಚಿ ಹಿಂಬದಿಯನ್ನೂ ನೋಡಿದಳು, ಖಾಲಿ. ಒಪ್ಪಿಕೊಳ್ಳುವವರು ಕಾರಣ ಬರೆಯಲು ಆ ಫಾರಂನಲ್ಲಿ ಕಾಲಂ ಇರಲೇ ಇಲ್ಲ.