ನೆತ್ತಿಯ ಬಣ್ಣ

ಕ್ಯಾನ್ಸರ್ ವಾಸಿಯಾಗುತ್ತದೆಂದು ಸ್ವಾಮಿ ಕುಡಿಸಿದ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಹೊಟ್ಟೆ ಸುಟ್ಟು ನೀಲವ್ವನ ಗಂಡ ಸತ್ತ.

ಮಣ್ಣು ಮಾಡಿದ ಮರುವಾರ ಅವಳೂ ಮಠದ ಸಾಲಿನಲ್ಲಿ ನಿಂತಳು. ಅಲ್ಲಿ ಆ ಪೆರಾಕ್ಸೈಡಿಗೆ ಪ್ರಾಣವಾಯು ತೀರ್ಥವೆಂದು ಹೆಸರು. ತೀರ್ಥವೆಂದ ಮೇಲೆ ಕುಡಿದು, ಒದ್ದೆ ಅಂಗೈಯನ್ನು ತಲೆಗೆ ಒರೆಸಿಕೊಳ್ಳುವುದು ರೂಢಿ. ಅದು ತಾಗಿ ತಾಗಿ ಭಕ್ತರ ನೆತ್ತಿಯ ಕೂದಲುಗಳೆಲ್ಲ ಬಣ್ಣ ಕಳೆದು ತೆಂಗಿನ ನಾರಿನಂತೆ ಕೆಂಚಾಗಿದ್ದವು. ಸತ್ತವನ ನೆತ್ತಿಯೂ ಹಾಗೇ ಆಗಿತ್ತು.

"ಅಪ್ಪಾರ, ನೀವೂ ತಗೋತೀರೇನ್ರಿ?" ಸರದಿ ಬಂದಾಗ ನೀಲವ್ವ ಸ್ವಾಮಿಯನ್ನು ಕೇಳಿದಳು.

"ದಿನಾ ನಿಮಗಿಂತ ಮೊದಲ ನಾನ ಕುಡಿದು ತಲೀಗಿ ಒರಸ್ಕೋತೀನಿ. ಕುಡೀ ತಂಗಿ, ನಿನ್ನ ದುಃಖಾನೂ ಹೋಗ್ತದ."

"ಮತ್ತ ನಿಮ್ಮ ಕೂದ್ಲಾ ಕಾಡಿಗಿ ಹಂಗ ಕರ್ರಗ ಅದಾವಲ್ರಿ!"

ಸಾಲಿನವರೆಲ್ಲ ಸ್ವಾಮಿಯ ತಲೆಯತ್ತ ನೋಡಿದರು. ನೀಲವ್ವ ತೀರ್ಥದ ಬಟ್ಟಲನ್ನೆತ್ತಿ ಅವನತ್ತ ಚಾಚಿದಳು.

"ಕುಡೀಬ್ಯಾಡ್ರಿ. ಬರೇ ತಲೀಗಿ ಒರಸ್ಕೋರಿ."

ಸ್ವಾಮಿ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡ.